ಮೂರನೆಯ ಪ್ರಶ್ನೆ

ಆ ಊರಿನಲ್ಲಿ ಪರಕೀಯನಾಗಿ ಬದುಕುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ‘ನಾನು ನಿಮ್ಮವನೇ’ ಎಂದು ಬಂದವನು ಮಾತ್ರ ಪರೀಕ್ಷೆ ಕೊಡಬೇಕಾಗಿತ್ತು.

ಊರು ತಮಿಳು ಸೀಮೆಯಲ್ಲಿ, ಕಂಬಂ ಪೇಟೆಗೂ ಗೂಡಲೂರಿಗೂ ನಡುವೆ, ಗಾಡಿರಸ್ತೆಯಿಂದ ತುಸು ಒಳಗೆ. ಹೆಸರು ಬೇಡ, ಆಗಿನ ಹಿರಿಯರ ಮೊಮ್ಮಕ್ಕಳು ಈಗ ಓದು ಕಲಿತಿದ್ದಾರೆ. ಊರ ತುಂಬ ಕನ್ನಡ ಮಾತಾಡುವ ಗೌಡರು. ಎಷ್ಟೋ ತಲೆಮಾರಿನ ಹಿಂದೆ ಯಾವನೋ ದೊರೆಯ ಕಾಟ ತಾಳಲಾರದೆ ಮೈಸೂರು ಸೀಮೆ ಬಿಟ್ಟು, ದನ ಹೊಡೆದುಕೊಂಡು ಇಲ್ಲಿಗೆ ಬಂದವರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು, ಜಗಳದಲ್ಲಿ ಎರಡೂ. ನಾನು ಬೋಡಿನಾಯಕನೂರಿನ ನೇಯ್ಗೆಯವರ ಮನೆಯವನು. ಮಗ್ಗಕ್ಕೆ ಕೈ ಬಗ್ಗಲಿಲ್ಲವಾದ್ದರಿಂದ ಮಕ್ಕಳಿಗೆ ಅಕ್ಷರ ಕಲಿಸಲು ಆ ಊರಿಗೆ ಬಂದೆ. ಚಾವಡಿಯ ಜಗಲಿಯೇ ಶಾಲೆ. ನಾನು ಬೇರೆ ಕುಲದವನೆಂಬುದು ಎಲ್ಲರಿಗೂ ತಿಳಿದಿದ್ದುದರಿಂದ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಆಮೇಲೆ ಮೈಸೂರಿನಲ್ಲಿ ನಕಲು ಬರೆಯುವ ಕೆಲಸಕ್ಕೆ ಸೇರಿ, ನನ್ನ ಕನ್ನಡ ಕೇಳಿ ಜನ ನಕ್ಕಾಗಲೂ ನನಗೆ ಬೇಸರವಾಗಲಿಲ್ಲ. ಪರಕೀಯನೆಂದು ಎಲ್ಲರೂ ಒಪ್ಪಿಕೊಂಡ ಮೇಲೆ ಮನುಷ್ಯನಿಗೆ ಎಷ್ಟು ನೆಮ್ಮದಿ ಎಂಬುದನ್ನು ಆ ಊರಿನಲ್ಲಿಯೇ ಕಲಿತಿದ್ದೆ.

ಸರ್ಕಾರದವರು ಬೆಟ್ಟದಾಚೆಯ ಹೊಳೆಗೆ ಕಟ್ಟೆ ಕಟ್ಟಿ, ಬೆಟ್ಟ ಕೊರೆದು, ಪಡುವಲಿಗೆ ಹರಿಯುತ್ತಿದ್ದ ನೀರನ್ನು ನಮ್ಮ ಕಣಿವೆಗೆ ತಿರುಗಿಸಿದ ಕಾಲ ಅದು. ಬೆದ್ದಲು ಗದ್ದೆಯಾಗುತ್ತಿತ್ತು. ಸುದ್ದಿ ಕೊಳ್ಳೇಗಾಲ, ಸತ್ಯಮಂಗಲದ ಕಡೆಗೆ ಮುಟ್ಟಿದ್ದೇ ತಡ, ನಂಟಸ್ತಿಕೆ ಹೇಳಿಕೊಂಡು ಮೂಟೆ ಹೊತ್ತವರು ಬರತೊಡಗಿದರು. ಸೇರಿಸಿಕೊಂಡರೆ ಊರ ಬಾವಿ, ಊರ ಹುಲ್ಲುಗಾವಲು, ಊರ ಮಸಣ ಮೂರೂ ಅವರವು. ಸೇರಿಸದಿದ್ದರೆ ಕುಮುಳಿ ಘಾಟಿ ಹತ್ತಿ ಏಲಕ್ಕಿ ಮಲೆಗೆ ಕೂಲಿಗೆ ಹೋಗಬೇಕು. ಹಾಗೆ ಹತ್ತಿದವರನ್ನೆಲ್ಲ ನೋಡಿದ್ದೇನೆ. ಇಳಿದು ಬಂದವರು ಕೆಲವರೇ, ಅವರೂ ಮಲೆಜ್ವರ ಹೊತ್ತುಕೊಂಡು.

ಪರೀಕ್ಷೆಯ ವಿಧಿ ಹೀಗೆ. ನಾಟಾಮೆ, ಎಂದರೆ ಊರ ಮುಖ್ಯಸ್ಥ, ಮತ್ತು ಹಿರಿಯರು ಹುಣಿಸೆಮರದ ನೆರಳಿನಲ್ಲಿ. ಬಂದವನು ಬಿಸಿಲಿನಲ್ಲಿ, ದೂರ. ಪ್ರಶ್ನೆ ಕೇಳುವವನು ಇಬ್ಬರ ನಡುವೆ. ಅವನು ಹಿರಿಯನಲ್ಲ, ಎಲ್ಲರಿಗಿಂತ ಕೊನೆಯಲ್ಲಿ ಊರಿಗೆ ಸೇರಿದವನು. ಅವನಿಗಾದರೆ ಪ್ರಶ್ನೆಗಳು ಇನ್ನೂ ಮರೆತಿರುವುದಿಲ್ಲ ಎಂಬುದು ಪೂರ್ವಿಕರ ದೂರದೃಷ್ಟಿ. ಅವನು ಕೇಳಬೇಕು, ಬಂದ ಉತ್ತರವನ್ನು ಹಿರಿಯರಿಗೆ ಕೂಗಿ ಒಪ್ಪಿಸಬೇಕು. ಹಿರಿಯರಲ್ಲಿ ಅರ್ಧ ಜನಕ್ಕೆ ಕಿವಿ ಮಂದ, ಉಳಿದ ಅರ್ಧಕ್ಕೆ ಎಲೆಯಡಿಕೆಯ ಕೆಲಸ.

ಪ್ರಶ್ನೆ ಮೂರು. ಹೊಳೆ ಅಡ್ಡ ಬಂದಾಗ ದಾರಿ ಕೊಟ್ಟ ಮರ ಯಾವುದು? ಹೊಂಗೆ, ಬಾಗಿ ಸೇತುವೆಯಾಯಿತು. ಮುಂದೆ ನಡೆದವರು ಯಾರು? ಬಸವ ಮುಂದೆ, ನಾವು ಹಿಂದೆ. ಅವನು ನಿಂತಲ್ಲಿ ನಿಂತೆವು. ಇವೆರಡೂ ಪುರಾತನ. ಮೂರನೆಯದು ಧಾತು ವರ್ಷದ ಮಹಾ ಬರದಲ್ಲಿ ಸೇರಿಸಿದ್ದು. ಆಗ ಸರ್ಕಾರದವರು ದಿಂಡಿಗಲ್ಲಿನ ಕಡೆ, ಹಾದಿಯುದ್ದಕ್ಕೂ ಗಂಜಿತೊಟ್ಟಿ ಇಟ್ಟಿದ್ದರು. ಹಸಿದವರೆಲ್ಲ ಒಂದೇ ಸಾಲು, ಒಂದೇ ಹಂಡೆ, ಬೇಯಿಸಿದ ಕೈ ಯಾರದೋ. ಆದ್ದರಿಂದ: ‘ನೀನಾಗಲಿ ನಿನ್ನವರಾಗಲಿ ಗಂಜಿತೊಟ್ಟಿಯಲ್ಲಿ ಕುಡಿದದ್ದುಂಟೋ?’ ಬರ ಹೋಗಿ ಎಷ್ಟೋ ಮಳೆಗಾಲ ಕಳೆದಿದ್ದರೂ ಪ್ರಶ್ನೆ ಹೋಗಿರಲಿಲ್ಲ. ಇಲ್ಲವೆಂದವನು ಒಳಗೆ, ಹೌದೆಂದವನು ಹೊರಗೆ. ಆ ಬರದಲ್ಲಿ ಗಂಜಿ ಕುಡಿಯದೆ ಇದ್ದವರು ಯಾರೂ ಪರೀಕ್ಷೆಗೆ ಬರುವ ಸ್ಥಿತಿಯಲ್ಲಿ ಉಳಿದಿರಲಿಲ್ಲ ಎಂಬ ಸಣ್ಣ ಸಂಗತಿ ಆ ಘನ ಸಭೆಗೆ ಹೊಳೆದಿರಲಿಕ್ಕಿಲ್ಲ.

ನಾನು ಹೇಳಹೊರಟಿರುವ ಮನುಷ್ಯ ಈ ಪರೀಕ್ಷೆಗೆ ಪಾಠ ಹೇಳುತ್ತಿದ್ದಾತ. ಸ್ವತಃ ಅದರಲ್ಲಿ ಸೋತವನು.

ಊರ ಗಡಿ ಒಂದು ಹಳ್ಳ. ಅದರ ಆಚೆದಡದಲ್ಲಿ ಆತನ ಗುಡಿಸಲು. ಊರವರ ಬಾಯಲ್ಲಿ ‘ಆಚೆದಡದೋನು’. ಬಡಕಲು ದೇಹ, ಉದ್ದ ಕೈ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಚರ್ಮ ಗೊರಸಿನಂತೆ ಗಟ್ಟಿಯಾಗಿತ್ತು. ಕತ್ತಾಳೆ ನಾರಿನಿಂದ ಹಗ್ಗ ಹೊಸೆಯುವುದು ಆತನ ಕಸುಬು. ಊರ ಬಾವಿಗಳಲ್ಲಿ ಎತ್ತುಗಳು ಎಳೆಯುತ್ತಿದ್ದುದೆಲ್ಲ ಆತನ ಹಗ್ಗವನ್ನೇ. ಹಗ್ಗ ಬಾವಿಗೆ ಇಳಿಯಬಹುದು, ಹೊಸೆದವನು ಬಾವಿಕಟ್ಟೆ ಹತ್ತುವಂತಿರಲಿಲ್ಲ. ನಾನು ಮೊದಲ ಸಲ ‘ಗೌಡರೆ’ ಎಂದು ಕರೆದಾಗ ಆತ ಹಳ್ಳದತ್ತ ನೋಡಿ, ದನಿ ತಗ್ಗಿಸಿ ಹೇಳಿದ:

“ಅಂಗೆ ಕೂಗಬೇಡಿ ವಾದ್ಯಾರೆ. ಕೇಳಿಸ್ಕೊಂಡ್ರೆ ನಿಮಗೆ ತಪ್ಪು ಹಾಕ್ತಾರೆ. ನಾನು ಇನ್ನೂ ಪಾಸಾಗಿಲ್ಲೆ.”

ಆತನ ಹೆಂಡತಿ ಮಾತು ಕಡಿಮೆಯ ಹೆಂಗಸು. ಗುಡಿಸಲಿನ ಬಾಗಿಲು ಮೂಡಲಿಗಿತ್ತು, ಆಕೆ ಮಾತ್ರ ಸದಾ ತೆಂಕಲಿಗೆ ಮುಖ ಮಾಡಿ ಕೂರುತ್ತಿದ್ದಳು. ತೆಂಕಲಲ್ಲಿ, ಹಳ್ಳದ ಈಚೆಗೆ, ಕಳ್ಳಿಬೇಲಿಯೊಳಗೆ ಊರವರ ಮಸಣ. ಕಾರಣವನ್ನು ಆಕೆಯೇ ಒಂದು ದಿನ ನಾರು ಬಿಡಿಸುತ್ತ ಹೇಳಿದಳು.

“ಕೂಸು ಅಲ್ಲೈತೆ, ವಾದ್ಯಾರೆ.”

ಬರದಲ್ಲಿ ಇಬ್ಬರೂ ಕೂಸನ್ನೆತ್ತಿಕೊಂಡು ನಡೆದು ಬಂದಿದ್ದರು. ಆಕೆಯ ಎದೆಯಲ್ಲಿ ಹಾಲಿರಲಿಲ್ಲ. ದಿಂಡಿಗಲ್ಲಿನ ಗಂಜಿತೊಟ್ಟಿಯಲ್ಲಿ ಸಾಲಿಗೆ ನಿಂತು, ಗಂಜಿಯಲ್ಲಿ ಬೆರಳದ್ದಿ ಕೂಸಿಗೆ ಚೀಪಿಸಿದಳು. ಅದು ಈ ಹಳ್ಳದವರೆಗೂ ಉಸಿರು ಹಿಡಿದು ಬಂತು. ಊರವರ ಮುಂದೆ ನಿಲ್ಲಲು ಕಾಯುತ್ತಿದ್ದ ಬೆಳಗ್ಗೆ ಹೋಯಿತು. ಹಲ್ಲು ಬಾರದ ಮಕ್ಕಳಿಗೆ ಕುಲ ಕೇಳುವ ವಾಡಿಕೆ ಇಲ್ಲವಾದ್ದರಿಂದ ಹಿರಿಯರು ಧರ್ಮಾತ್ಮರಾಗಿ ಒಳಗೆ ಜಾಗ ಕೊಟ್ಟರು. ಕೂಸನ್ನು ಮಣ್ಣು ಮಾಡಿ ಬಂದು ತಂದೆ ಪರೀಕ್ಷೆಗೆ ನಿಂತ. ಮೂರನೆಯ ಪ್ರಶ್ನೆಗೆ ‘ಕುಡಿದೆವು’ ಎಂದ. ಅದು ತಪ್ಪೆಂದು ಆತನಿಗೆ ಹೇಳಿಕೊಟ್ಟವರಿರಲಿಲ್ಲ. ಹೀಗೆ ಮೂವರ ಸಂಸಾರದಲ್ಲಿ ಒಬ್ಬರು ಮಾತ್ರ ಊರಿಗೆ ಸೇರಿದರು.

ಬೇರೆಯವನಾಗಿದ್ದರೆ ಊರು ಬಿಟ್ಟು ಹೋಗುತ್ತಿದ್ದ. ಆತ ಹಳ್ಳದ ದಡದಲ್ಲೇ ಕೂತ. ಮುಂದೆ ಬಂದವರಿಗೆಲ್ಲ, ತನಗೆ ಯಾರೂ ಹೇಳದ್ದನ್ನು ಹೇಳಿಕೊಟ್ಟ. ನಾನು ಶಾಲೆ ಬಿಟ್ಟ ಮೇಲೆ ಎಷ್ಟೋ ಸಂಜೆ ಅಲ್ಲಿ ಹೋಗಿ ಕೂರುತ್ತಿದ್ದೆ. ನಮ್ಮಿಬ್ಬರದೂ ಒಂದೇ ವೃತ್ತಿ. ವ್ಯತ್ಯಾಸವೆಂದರೆ ಆತನ ವಿದ್ಯಾರ್ಥಿಗಳಿಗೆ ಕಲಿಯುವ ಅಗತ್ಯವಿತ್ತು.

ಆತನ ಪಾಠಕ್ರಮವೇ ಬೇರೆ. ಉತ್ತರ ಕಲಿಸಿದ ಮೇಲೆ ಅದನ್ನು ತುಸು ಕೆಡಿಸುವುದನ್ನು ಕಲಿಸುತ್ತಿದ್ದ.

“ಏಯ್, ಅಷ್ಟು ಪಟಪಟಾ ಅಂತ ಅನ್ನಬೇಡಲೇ. ಊರಲ್ಲೇ ಹುಟ್ಟಿದೋನಿಗೆ ಇಷ್ಟು ಚೊಕ್ಕವಾಗಿ ಗೊತ್ತಿರ್ತದಾ? ಒಸಿ ತಲೆ ಕೆರ್ಕೋ. ‘ನಮ್ಮಜ್ಜಿ ಏನೋ ಯೋಳ್ತಿದ್ಳು’ ಅನ್ನು. ಆಮೇಲೆ ಹೊಂಗೆ ಅನ್ನು.”

“ಶರಿ ಮಾಮ.”

“ಇನ್ನೊಂದು. ಕೇಳೋನು ಒಂದು ಪ್ರಶ್ನೆ ಬಿಟ್ಟರೆ ‘ಬದುಕ್ದೆ’ ಅಂತ ಸುಮ್ಮನೆ ನಿಲ್ಲಬೇಡ. ನೀನೇ ನೆಪ್ಪು ಮಾಡು.”

ಇದಕ್ಕೆ ಕಾರಣವಿತ್ತು. ಹಿಂದೆ ಒಂದು ಮನೆಯವರಿಗೆ ಎರಡನೆಯ ಪ್ರಶ್ನೆ ಕೇಳುವುದು ಬಿಟ್ಟುಹೋಗಿತ್ತು. ಎಷ್ಟೋ ಕಾಲದ ಮೇಲೆ, ಹುಲ್ಲಿನ ಜಗಳದಲ್ಲಿ, ಯಾರೋ ಅದನ್ನೆತ್ತಿದರು. ಸೇರಿದ್ದೇ ಸೇರಿದ್ದಲ್ಲವೆಂದು ಆ ಮನೆಯವರನ್ನು ಹೊರಹಾಕಿದರು. ಅಂದಿನಿಂದ ಆತನಿಗೆ ಪೂರ್ತಿಯಾಗದ ಪರೀಕ್ಷೆಯ ಬಗ್ಗೆ ಸೋಲಿಗಿಂತ ಹೆಚ್ಚಿನ ಭಯ.

ಮೂರನೆಯ ಪ್ರಶ್ನೆಗೆ ಆತ ತಲೆ ಕೆರೆಯಲು ಹೇಳುತ್ತಿರಲಿಲ್ಲ. “ಅದಕ್ಕೆ ಇಲ್ಲ ಅಂತ ಅಂದ್ಬುಡು,” ಎಂದು ಎದ್ದು ಮೇಕೆ ಕಟ್ಟಲು ಹೋಗುತ್ತಿದ್ದ. ಕಟ್ಟಿದ ಮೇಕೆಯನ್ನೇ ಬಿಚ್ಚಿ ಇನ್ನೊಂದು ಗೂಟಕ್ಕೆ ಕಟ್ಟಿದ್ದನ್ನೂ ಕಂಡಿದ್ದೇನೆ.

ಪಾಠ ಕಲಿತವರು ಪಾಸಾಗುತ್ತಿದ್ದರು. ಪಾಸಾದವರು ಹಳ್ಳ ದಾಟುತ್ತಿದ್ದರು. ಅತ್ತ ‘ಮಾಮ’ ಎನ್ನುತ್ತಿದ್ದ ಬಾಯಿ ಇತ್ತ ಬಂದೊಡನೆ “ಓಯ್ ಆಚೆದಡದೋನೆ, ಹಗ್ಗ ಆಯ್ತಾ?” ಎನ್ನುತ್ತಿತ್ತು. ಇದು ಕೃತಘ್ನತೆಯಲ್ಲ, ನಿಯಮ. ಸೇರದವನನ್ನು ನಂಟಸ್ತಿಕೆಯಿಂದ ಕರೆದರೆ ದಂಡ. ಕೆಲವು ವರ್ಷಗಳಲ್ಲಿ ಊರಿನ ಅರ್ಧದಷ್ಟು ಜನ ಆತನ ಶಿಷ್ಯರೇ ಆಗಿ, ಒಬ್ಬನೂ ಆತನ ಮನೆಯಲ್ಲಿ ನೀರು ಕುಡಿಯದಂತಾಯಿತು. ಆತನಿಗೆ ಅದರ ಬಗ್ಗೆ ಕಹಿಯಿದ್ದಂತೆ ಕಾಣಲಿಲ್ಲ. “ಚೆನ್ನಾಗಿ ಕಲ್ತಾನೆ,” ಎನ್ನುತ್ತಿದ್ದ.

ಹಿರಿಯರಲ್ಲೊಬ್ಬ ಒಂದು ಸಂಜೆ ಹಗ್ಗದ ನೆಪದಲ್ಲಿ ಹಳ್ಳದ ತನಕ ಬಂದು, ನನ್ನನ್ನು ಗಮನಿಸದವನಂತೆ ಈಚೆಯಿಂದಲೇ ಕೇಳಿದ:

“ಅಲ್ಲಯ್ಯಾ, ಆ ಮರ ಹೊಂಗೆಯೋ, ಬೇವೋ?”

“ಹೊಂಗೆ, ಸಾಮಿ.”

“ಅದು ನಂಗೂ ಗೊತ್ತು. ನಿಂಗೆ ಗೊತ್ತಾ ಅಂತ ಕೇಳ್ದೆ.”

“ಆಮಾ ಸಾಮಿ,” ಎಂದು ಆತ ಕೈ ಮುಗಿದ. ಹಿರಿಯನು ಹಗ್ಗ ಕೊಳ್ಳುವುದನ್ನು ಮರೆತು ಹೋದ.

ಹೆಂಡತಿಗೆ ಕಾಯಿಲೆ ಹಿಡಿದದ್ದು ಕಾಲುವೆಯಲ್ಲಿ ನೀರು ಬಂದ ಐದನೆಯ ವರ್ಷವಿರಬೇಕು. ಕಾಲು ಊದಿತು, ಆಮೇಲೆ ಹೊಟ್ಟೆ. ಕಂಬಂ ಪೇಟೆಯ ವೈದ್ಯನು ನೋಡಿ, ಔಷಧಿ ಕೊಡದೆ ಹಿಂದಿರುಗಿದ. ಆಕೆ ಗಂಡನನ್ನು ಕೇಳಿದ್ದು ಒಂದೇ.

“ನನ್ನ ಕೂಸಿನ ಪಕ್ಕ ಹಾಕ್ಸು.”

ಅದಕ್ಕೆ ಇದ್ದ ದಾರಿಯೂ ಒಂದೇ: ಆತ ಮತ್ತೊಮ್ಮೆ ಪರೀಕ್ಷೆಗೆ ನಿಲ್ಲಬೇಕು, ಈ ಸಲ ‘ಇಲ್ಲ’ ಎನ್ನಬೇಕು. ಇಷ್ಟು ವರ್ಷ ಹಾಗೆ ಅನ್ನದೆ ಇದ್ದುದೇಕೆಂದು ನಾನು ಕೇಳಿದೆ. ಆತ ಹೊಸೆಯುತ್ತಿದ್ದ ಹಗ್ಗದ ಎಳೆ ಬಿಟ್ಟು ನನ್ನನ್ನು ನೋಡಿದ.

“ಆ ಗಂಜಿ ಇಲ್ದಿದ್ರೆ ಕೂಸು ದಿಂಡಿಗಲ್ಲಲ್ಲೇ ಹೋಗ್ತಿತ್ತು, ವಾದ್ಯಾರೆ. ಇನ್ನಷ್ಟು ದಿನ ಇತ್ತಲ್ಲ, ಆ ಗಂಜಿ ಮೇಲೇ ಇತ್ತು. ಇಲ್ಲ ಅಂದ್ರೆ ಆ ದಿನಗಳೂ ಇಲ್ಲ ಅಂದಂಗೆ.”

“ಮತ್ತೆ ಈಗ?”

“ಈಗ ಅವಳು ಕೇಳ್ತಾ ಅವ್ಳೆ.”

ನನ್ನನ್ನೇ ಕೇಳುವವನನ್ನಾಗಿ ನಿಲ್ಲಿಸಿ ಅಭ್ಯಾಸ ಮಾಡಿದ. ಮೊದಲ ಪ್ರಶ್ನೆಗೆ, ತನ್ನ ಶಿಷ್ಯರಿಗೆ ಹೇಳಿಕೊಟ್ಟಂತೆಯೇ ತಲೆ ಕೆರೆದ. ಎರಡನೆಯದಕ್ಕೂ ಕೆರೆದ. ಮೂರನೆಯದನ್ನು ಕೇಳಿದರೆ ಎದ್ದು ಮೇಕೆಯ ಕಡೆ ನಡೆದ. ಮತ್ತೊಮ್ಮೆ ಕೂರಿಸಿ ಕೇಳಿದೆ.

“ಅದು ಅಲ್ಲಿ ಬರ್ತದೆ, ವಾದ್ಯಾರೆ. ಸುಮ್ಮಾ ಇಲ್ಲಿ ಯಾಕೆ ಖರ್ಚು ಮಾಡ್ಲಿ?”

ಕೂಟ ಸೇರಿತು. ಕೇಳುವವನು ಆತನ ಕೊನೆಯ ಶಿಷ್ಯ, ಬೋಡಿಯಿಂದ ಏಲಕ್ಕಿ ಮೂಟೆ ಹೇರಿ ಗಾಡಿ ಹೊಡೆಯುತ್ತಿದ್ದ ಯುವಕ. ಬಿಸಿಲಿನಲ್ಲಿ ನಿಂತ ತನ್ನ ಗುರುವನ್ನು ನೋಡಿ ಅವನ ಮುಖ ಬಿಳಿಚಿತ್ತು. ಊರು ಪೂರ್ತಿ ನೆರೆದಿತ್ತು, ಅರ್ಧ ಊರು ನೆಲ ನೋಡುತ್ತಿತ್ತು.

“ದಾರಿ ಕೊಟ್ಟ ಮರ ಯಾವುದು?”

“ನಮ್ಮಜ್ಜಿ ಏನೋ ಯೋಳ್ತಿದ್ಳು... ಹೊಂಗೆ.”

“ಹೊಂಗೆ ಅಂತಾರೆ!”

“ಮುಂದೆ ನಡೆದೋರು ಯಾರು?”

“ಬಸವ. ನಾವು ಹಿಂದೆ.”

“ಬಸವ ಅಂತಾರೆ!” ಎಂದು ಕೂಗಿದ ಯುವಕ, ಅದೇ ಉಸಿರಿನಲ್ಲಿ ಹಿರಿಯರತ್ತ ತಿರುಗಿ, “ಆಯ್ತು ಸಾಮಿ, ಎಲ್ಲಾ ಸರಿಯಾಗಿ ಯೋಳಿದ್ರು,” ಎಂದುಬಿಟ್ಟ.

ಹುಣಿಸೆಮರದ ಕೆಳಗೆ ಯಾರಿಗೂ ಏನೂ ತಿಳಿಯಲಿಲ್ಲ. ನಾಟಾಮೆ ಎಲೆಗೆ ಸುಣ್ಣ ಹಚ್ಚುತ್ತಿದ್ದ. “ಶರಿ, ನೀರು ತಕ್ಕೊಂಡ್ಬನ್ರಿ,” ಎಂದ. ಊರ ಬಾವಿಯ ನೀರು ಕುಡಿಸಿದರೆ ಮುಗಿಯಿತು, ಸೇರಿದಂತೆ. ಸೋರೆಬುರುಡೆಯಲ್ಲಿ ನೀರು ಹೊರಟಿತು. ಯುವಕನ ಕಣ್ಣು ಗುರುವಿನ ಮೇಲಿತ್ತು. ಸುಮ್ಮನಿರು ಎಂದು ಬೇಡುತ್ತಿತ್ತು.

ಆಗ ಆತ, ನಿಧಾನವಾಗಿ, ಹಳ್ಳದ ಕಲ್ಲಿನ ಮೇಲೆ ಕೂತು ಪಾಠ ತಿದ್ದುವ ದನಿಯಲ್ಲಿಯೇ ಹೇಳಿದ:

“ಒಂದು ಬಿಟ್ಟೆ, ಅಪ್ಪಾ.”

ನನಗೆ ಕೂಗಬೇಕೆನಿಸಿತು. ಆತನ ಲೆಕ್ಕ ನನಗೆ ಗೊತ್ತಿತ್ತು. ಇಂದು ಬಿಟ್ಟುಹೋದದ್ದನ್ನು ನಾಳೆ ಯಾರಾದರೂ ಎತ್ತಿದರೆ ಹೂತ ಹೆಂಡತಿಯನ್ನು ಮಣ್ಣಿನಿಂದ ಎಬ್ಬಿಸಿ ಹೊರಹಾಕಿಯಾರು. ಅದಕ್ಕಾಗಿ ಎಲ್ಲವೂ ಚೊಕ್ಕವಾಗಿರಬೇಕು. ಒಂದು ಸುಳ್ಳೂ ಇಲ್ಲದೆ ದಾಟಿಹೋಗುತ್ತಿದ್ದ ಹಳ್ಳವನ್ನು ಆತ ತನ್ನ ಪಾಠದ ಶಿಸ್ತಿಗೆ ಕಟ್ಟುಬಿದ್ದು ಮತ್ತೆ ತುಂಬಿಸಿಕೊಂಡ.

ಯುವಕ ಕೇಳಿದ. “ನೀವಾಗಲಿ, ನಿಮ್ಮೋರಾಗಲಿ, ಗಂಜಿತೊಟ್ಟೀಲಿ ಕುಡಿದದ್ದುಂಟಾ?”

ಕಟ್ಟಲು ಅಲ್ಲಿ ಮೇಕೆಯಿರಲಿಲ್ಲ. ಆತ ಕೈಗಳನ್ನು ನೋಡಿಕೊಂಡ.

“ಇಲ್ಲ. ನಾನೂ ಕುಡಿದಿಲ್ಲ. ನನ್ನೋರೂ ಕುಡಿದಿಲ್ಲ.”

“ಇಲ್ಲ ಅಂತಾರೆ,” ಎಂದು ಯುವಕ ಒಪ್ಪಿಸಿದ. ಕೂಗಲಿಲ್ಲ, ಹೇಳಿದ ಅಷ್ಟೆ. ಹಿಂದೊಮ್ಮೆ ಈತ ಹೌದೆಂದಿದ್ದನೆಂಬುದು ಹಿರಿಯರಲ್ಲಿ ಯಾರಿಗೂ ನೆನಪಾಗಲಿಲ್ಲ, ಅಥವಾ ನೆನಪು ಮಾಡಿಕೊಳ್ಳುವಷ್ಟು ಹಗೆ ಯಾರಿಗೂ ಉಳಿದಿರಲಿಲ್ಲ. ನೀರು ಬಂತು. ಆತ ಕುಡಿದ. ಅರ್ಧ ಊರಿನವರು ಸುತ್ತ ನೆರೆದು ‘ಮಾಮ, ಮಾಮ’ ಎನ್ನತೊಡಗಿದರು. ನಾನು ಆತನ ಜೊತೆ ಹಳ್ಳದಾಚೆಗೆ ನಡೆದೆ.

ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು.

“ಆಯ್ತಾ?”

“ಆಯ್ತು. ಸೇರಿದ್ವಿ.”

“ಮೂರನೇದಕ್ಕೆ ಏನಂದೆ?”

“ಇಲ್ಲ ಅಂದೆ. ನೀನೂ ಕುಡಿದಿಲ್ಲ, ಯಾರೂ ಕುಡಿದಿಲ್ಲ ಅಂದೆ.”

ಆಕೆ ತನ್ನ ಬಲಗೈಯ ತೋರುಬೆರಳನ್ನು ಎಡಗೈಯಿಂದ ಹಿಡಿದುಕೊಂಡಳು.

“ಅಂಗಾದ್ರೆ ನಮ್ಮ ಕೂಸು ಏನು ಕುಡೀತು?”

ಆತ ಎದ್ದು ಮೇಕೆ ಕಟ್ಟಲು ಹೋದ.

ಅದೇ ವಾರ ಆಕೆ ತೀರಿಕೊಂಡಳು. ಅದಾದ ಮೇಲೆ ಗಂಡನೊಡನೆ ಮಾತಾಡಿದಳೋ ಇಲ್ಲವೋ ನನಗೆ ತಿಳಿಯದು. ಊರೇ ಬಂದು ಹೊತ್ತಿತು, ತಮಟೆಯಾಯಿತು, ಯಾವುದಕ್ಕೂ ಕಡಿಮೆಯಾಗಲಿಲ್ಲ. ಮಸಣದಲ್ಲಿ ಮಾತ್ರ ಒಂದು ಸಣ್ಣ ತೊಂದರೆ. ಕೂಸನ್ನು ಹೂತ ಜಾಗ ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ಆತನಿಗೆ ಒಂದು ಕಲ್ಲಿನ ಗುರುತಿತ್ತು. ಕಲ್ಲನ್ನು ಯಾರೋ ಬದುವಿಗೆ ಕೊಂಡೊಯ್ದಿದ್ದರು. ನಾಟಾಮೆ ಕೋಲಿನಿಂದ ಸುತ್ತ ತೋರಿಸಿ, “ಇಲ್ಲೇ ಎಲ್ಲೋ. ಬರದ ಕಾಲದ್ದು ಯಾರಿಗೆ ನೆಪ್ಪಿರ್ತದೆ?” ಎಂದ. ಅವನು ತೋರಿಸಿದ ಕಡೆ ಅಗೆದರು.

ಆಮೇಲೆ ಆತನಿಗೆ ಊರೊಳಗೆ ಮನೆ ಕೊಟ್ಟರು. ಬಾವಿಕಟ್ಟೆಯ ಮೇಲೆ ಕೂತು ತನ್ನ ಹಗ್ಗ ತಾನೇ ಸರಿಮಾಡುತ್ತಿದ್ದ. ಮಾತಾಡಿಸಿದರೆ ಮಾತಾಡುವನು. ಪಾಠ ನಿಂತಿತು, ಏಕೆಂದರೆ ಒಳಗಿನವನು ಹೊರಗಿನವನಿಗೆ ಹೇಳಿಕೊಡುವಂತಿಲ್ಲ. ಗುಡಿಸಲು ಬಿದ್ದುಹೋಯಿತು. ನಿಯಮದಂತೆ ಈಗ ಕೇಳುವವನು ಆತನೇ.

ಕೊಳ್ಳೇಗಾಲದ ಕಡೆಯ ಒಂದು ಸಂಸಾರ ಬಂತು. ಗಂಡ, ಹೆಂಡತಿ, ಮೂಟೆಯ ಮೇಲೆ ನಿದ್ದೆಹೋದ ಮಗು. ಹೇಳಿಕೊಟ್ಟವರು ಯಾರೂ ಇಲ್ಲ. ಬಂದ ದಿನವೇ ಕೂಟ. ಮರದ ಪ್ರಶ್ನೆಗೆ ಆ ಮನುಷ್ಯ ಸರಿಯಾಗಿಯೇ ಹೇಳಿದ, ನಿಜಕ್ಕೂ ಅವರ ಅಜ್ಜಿ ಹೇಳಿದ್ದಿರಬೇಕು. ಬಸವನನ್ನೂ ಹೇಳಿದ. ಅವರಿಬ್ಬರೂ ಬರದ ವರ್ಷದಲ್ಲಿ ಮಕ್ಕಳಾಗಿದ್ದ ವಯಸ್ಸಿನವರು. ಅವರು ಏನು ಕುಡಿದು ಬದುಕಿದರೆಂಬುದು ಮುಖ ನೋಡಿದರೆ ತಿಳಿಯುತ್ತಿತ್ತು, ಕೇಳಿದರೆ ಒಪ್ಪಿಕೊಳ್ಳುವ ಮುಖವೂ ಅದಾಗಿತ್ತು.

ಆತ ಎರಡು ಹೆಜ್ಜೆ ಮುಂದೆ ಹೋಗಿ ಆ ಮನುಷ್ಯನ ಎದುರು ನಿಂತ. ನಾನು ಪಕ್ಕದಲ್ಲೇ ಇದ್ದೆ. ಆತನ ತುಟಿ ಅಲುಗಿತು. ದನಿ ಹೊರಡಲಿಲ್ಲ. ಬಂದವನು ಅರ್ಥವಾಗದೆ ಹೆಂಡತಿಯ ಕಡೆ ನೋಡಿದ, ಏನೋ ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಆತ ಹಿರಿಯರತ್ತ ತಿರುಗಿ, ಜೀವಮಾನದಲ್ಲಿ ಕೂಗದ ದನಿಯಲ್ಲಿ ಕೂಗಿದ:

“ಇಲ್ಲ ಅಂತಾರೆ!”

“ಶರಿ,” ಎಂದ ನಾಟಾಮೆ.

ಆಮೇಲೆ ಆ ಹೊಸಬ ಬಾವಿಕಟ್ಟೆಗೆ ಹೋಗಿ, “ಮಾಮ, ಆವತ್ತು ಕೊನೆಗೆ ಏನೋ ಕೇಳಿದ್ರಲ್ಲ, ನಂಗೆ ಕೇಳಿಸ್ಲಿಲ್ಲೆ,” ಎಂದನಂತೆ. “ನಿಂಗೆ ಬೇಡಾದ್ದು,” ಎಂದು ಉತ್ತರ ಬಂತಂತೆ. ಆ ಬೇಸಿಗೆಯಲ್ಲಿ ವಾಂತಿಭೇದಿ ಬಂದು ಊರಿನಲ್ಲಿ ಹಲವರು ಹೋದರು. ಆತ ಮೊದಲ ದಿನಗಳಲ್ಲೇ ಹೋದ. ಹೆಂಡತಿಯ ಜಾಗ ಎಲ್ಲರಿಗೂ ನೆನಪಿತ್ತು. ಪಕ್ಕದಲ್ಲಿ ಹಾಕಿದರು.

ನಾನು ಆ ಊರು ಬಿಡುವ ಮುಂಚೆ ಇನ್ನೊಂದು ಕೂಟ ನೋಡಿದೆ. ಬಿಸಿಲಿನಲ್ಲಿ ಒಬ್ಬ ವಿಧವೆ ಇಬ್ಬರು ಮಕ್ಕಳೊಡನೆ ನಿಂತಿದ್ದಳು. ಕೇಳುವವನು ಕೊಳ್ಳೇಗಾಲದ ಹೊಸಬ. ಮರ ಕೇಳಿದ, ಉತ್ತರ ಬಂತು, ಕೂಗಿದ. ಮುಂದೆ ನಡೆದವರು ಯಾರೆಂದು ಕೇಳಿದ, ಉತ್ತರ ಬಂತು, ಕೂಗಿದ. ಆಮೇಲೆ ಸುಮ್ಮನೆ ನಿಂತ.

ಹಿರಿಯರು ಕಾದರು. ನಾಟಾಮೆ ಅಗಿಯುವುದನ್ನು ನಿಲ್ಲಿಸಿದ.

“ಇನ್ನೊಂದಿತ್ತಲ್ಲ?”

“ನಂಗೆ ಗೊತ್ತಿರೋದು ಎರಡೇ, ಸಾಮಿ.”

“ಏನೋ ಒಂದಿತ್ತು, ಕಣ್ರಯ್ಯಾ. ಯಾರಿಗಾದ್ರೂ ನೆಪ್ಪೈತಾ?” ಎಂದು ನಾಟಾಮೆ ಜನದ ಕಡೆ ತಿರುಗಿದ.

ಗಾಡಿ ಹೊಡೆಯುವ ಯುವಕ ಅಲ್ಲಿದ್ದ. ಹಳ್ಳದ ಕಲ್ಲಿನ ಮೇಲೆ ಕೂತು ಅದೇ ಪ್ರಶ್ನೆಗೆ ‘ಇಲ್ಲ’ ಎನ್ನಲು ಕಲಿತವರೆಲ್ಲ ಅಲ್ಲಿದ್ದರು, ಅವರ ಹೆಂಡಿರಿದ್ದರು. ಅರ್ಧ ಊರಿಗೆ ಅಕ್ಷರ ಬಿಡದೆ ಬಾಯಿಪಾಠವಾಗಿದ್ದ ಪ್ರಶ್ನೆ. ಒಬ್ಬರೂ ಬಾಯಿ ತೆರೆಯಲಿಲ್ಲ. ವಿಧವೆಯ ಚಿಕ್ಕ ಮಗು ನೀರು ಬೇಕೆಂದು ಅಳತೊಡಗಿತು.

“ಎರಡೇ ಇರಬೇಕು,” ಎಂದು ನಾಟಾಮೆ ಎಲೆಯಡಿಕೆ ಉಗುಳಿದ. “ಆ ಮಗೂಗೆ ಮೊದ್ಲು ನೀರು ಕೊಡ್ರಿ.”